‘ವಾಕಿಂಗ್ ಮಾಡ್ರಿ’ ಅಂದರೆ ಸಾಲದು: ಚಟುವಟಿಕೆ ಬಗ್ಗೆ ರೋಗಿಗಳ ಜೊತೆ ಮಾತಾಡಲು ಫಾರ್ಮಸಿ ವಿದ್ಯಾರ್ಥಿಗಳನ್ನು ತಯಾರು ಮಾಡುವುದು ಹೇಗೆ?

ಶುಗರ್ ಇದ್ದವರಿಗೆ ‘ದಿನಾ ವಾಕಿಂಗ್ ಮಾಡ್ರಿ’ ಅಂತ ಹೇಳದವರೇ ಇಲ್ಲ. ಡಾಕ್ಟರು ಹೇಳುತ್ತಾರೆ, ಮಗಳು ಹೇಳುತ್ತಾಳೆ, ಬಾಜೂ ಮನೆಯವರು ಹೇಳುತ್ತಾರೆ, ವಾಟ್ಸಾಪ್ ಅಂತೂ ಬಿಡುವುದೇ ಇಲ್ಲ. ಫಾರ್ಮಸಿ ವಿದ್ಯಾರ್ಥಿಯೂ ಕೌಂಟರಿನಲ್ಲಿ ನಿಂತು ಅದನ್ನೇ ಹೇಳಿದರೆ ಏನು ಬಂತು? ಆದರೆ ಅವನ ಕೈಯಲ್ಲಿ ಇವರ್ಯಾರ ಹತ್ತಿರವೂ ಇಲ್ಲದ ಒಂದು ಅನುಕೂಲ ಇದೆ. ಔಷಧಿ ಚೀಟಿ ಅವನ ಕಣ್ಣ ಮುಂದಿದೆ, ಅದರಲ್ಲಿರುವ ಒಂದೊಂದು ಗುಳಿಗೆ ಏನು ಮಾಡುತ್ತದೆ ಅನ್ನುವುದನ್ನು ಅವನು ಓದಿದ್ದಾನೆ. ಈ ಗುಳಿಗೆಗೂ ಈ ಮನುಷ್ಯ ನಡೆಯುವ ಹೊತ್ತಿಗೂ ಏನು ಸಂಬಂಧ ಅನ್ನುವುದನ್ನು ಅವನು ಹೇಳಬಲ್ಲ. ತರಬೇತಿ ಎಲ್ಲಾ ಇದರ ಸುತ್ತ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಟ್ರೇನಿಂಗಿಗೆ ಬಂದ ಹುಡುಗ-ಹುಡುಗಿಯರನ್ನು ಕೌಂಟರಿನಲ್ಲಿ ನಿಲ್ಲಿಸಿಕೊಳ್ಳುವ ಔಷಧಿ ಅಂಗಡಿಯವರಿಗೂ ಉಪಯೋಗಕ್ಕೆ ಬರುತ್ತದೆ. ಜಾಗ ಹುಡುಕುವ ತಾಪತ್ರಯ ಇಲ್ಲ. ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮುಗಿಸಿದವರು ಕನಿಷ್ಠ 3 ತಿಂಗಳಲ್ಲಿ 500 ಗಂಟೆ ಪ್ರಾಕ್ಟಿಕಲ್ ಟ್ರೇನಿಂಗ್ ಮಾಡಲೇಬೇಕು. 2008ರಲ್ಲಿ ಶುರುವಾದ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸಿನಲ್ಲಿ ಆರನೇ ವರ್ಷ ಪೂರ್ತಿ ಇಂಟರ್ನ್‌ಶಿಪ್. ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸದ ಭಾಗ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ.

‘ಸರ್, ಇದು ಫಿಸಿಯೋಥೆರಪಿಯವರ ಕೆಲಸ ಅಲ್ವಾ?’ ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ಎರಡು ಅಂಕಿ ಸಾಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೊಡ್ಡ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಶುಗರ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ದೊಡ್ಡವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಬೇಕಾದಷ್ಟು ಚಟುವಟಿಕೆ ಇಲ್ಲ. ಇವರೆಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವುದಿಲ್ಲ. ಆದರೆ ತಿಂಗಳಿಗೊಮ್ಮೆ ಗುಳಿಗೆಗೆ ಅಂಗಡಿಗೆ ಬರುತ್ತಾರೆ.

ಮೊದಲು ಗೆರೆ ಹಾಕಿ

ಮೊದಲ ಕ್ಲಾಸಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ. ವಿದ್ಯಾರ್ಥಿ ಗುಳಿಗೆಯ ಡೋಸ್ ಬದಲಿಸುವ ಹಾಗಿಲ್ಲ. ‘ವಾಕಿಂಗ್ ಮಾಡಿದರೆ ಗುಳಿಗೆ ಬೇಡ’ ಅನ್ನುವ ಹಾಗಿಲ್ಲ. ಎದೆನೋವು, ತಲೆಸುತ್ತು ಇದ್ದವರಿಗೆ ಯಾವ ವ್ಯಾಯಾಮವನ್ನೂ ಹೇಳಿಕೊಡುವ ಹಾಗಿಲ್ಲ, ಅವರನ್ನು ಡಾಕ್ಟರ ಹತ್ತಿರ ಕಳಿಸಬೇಕು. ಇದರಲ್ಲಿ ಯಾವುದನ್ನು ಮುರಿದರೂ ಪರೀಕ್ಷೆಯಲ್ಲಿ ಫೇಲ್ ಅಂತ ಮೊದಲೇ ಹೇಳಿಬಿಡಿ.

ಹೆಜ್ಜೆ 1: ವಿದ್ಯಾರ್ಥಿಗಳೇ ನಡೆಯಲಿ

ಪಾಠಕ್ಕಿಂತ ಮೊದಲು ಒಂದು ವಾರ ಅವರ ಚಟುವಟಿಕೆಯನ್ನು ಅವರೇ ಬರೆದಿಡಲಿ. ಎಷ್ಟು ಹೊತ್ತು ಕೂತರು, ಎಷ್ಟು ಹೊತ್ತು ಉಸಿರು ಏರುವಷ್ಟು ನಡೆದರು. ಹಾಸ್ಟೆಲ್‌ನಿಂದ ಕ್ಲಾಸಿಗೆ, ಕ್ಲಾಸಿನಿಂದ ಕ್ಯಾಂಟೀನಿಗೆ, ಅಲ್ಲಿಂದ ಮೊಬೈಲ್ ಹಿಡಿದು ಹಾಸಿಗೆಗೆ. ವಾರದ ಕೊನೆಗೆ ಪುಸ್ತಕ ತೆಗೆದಾಗ ಬಹಳಷ್ಟು ಜನ ಸುಮ್ನೆ ನಗುತ್ತಾರೆ. ಆ ನಗು ಒಳ್ಳೆಯದು. ರೋಗಿಗೆ ಭಾಷಣ ಮಾಡುವ ಚಟ ಅಲ್ಲೇ ಅರ್ಧ ಇಳಿಯುತ್ತದೆ.

ಆಮೇಲೆ ಹೊರಗೆ ಕರೆದುಕೊಂಡು ಹೋಗಿ. ಹುಬ್ಬಳ್ಳಿಯಲ್ಲಿದ್ದರೆ ಉಣಕಲ್ ಕೆರೆ ದಂಡೆ, ಧಾರವಾಡದಲ್ಲಿದ್ದರೆ ಕೆಲಗೇರಿ ಕೆರೆ ಅಥವಾ ವಿಶ್ವವಿದ್ಯಾಲಯದ ಕ್ಯಾಂಪಸ್. ಇಬ್ಬಿಬ್ಬರು ಜೋಡಿಯಾಗಿ ಮಾತಾಡುತ್ತಾ ನಡೆಯಲಿ. ಮೊದಲು ಆರಾಮಾಗಿ, ಆಮೇಲೆ ಬಸ್ ತಪ್ಪುವ ಅವಸರದಲ್ಲಿ. ಮಾತಾಡಲು ಬರುತ್ತದೆ, ಆದರೆ ಹಾಡು ಹೇಳಲು ಆಗುವುದಿಲ್ಲ ಅನ್ನುವ ಹಂತ ಬಂದರೆ ಅದೇ ಮಧ್ಯಮ ವೇಗ. ಎರಡು ಶಬ್ದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಜೋರಿನ ವೇಗ. ನೃಪತುಂಗ ಬೆಟ್ಟ ಹತ್ತಿಸಿದರೆ ಈ ಎರಡನೆಯದು ಯಾರಿಗೂ ವಿವರಿಸಬೇಕಾಗಿಯೇ ಇಲ್ಲ. ಇದನ್ನು ಮೈಯಲ್ಲಿ ಅನುಭವಿಸಿದ ವಿದ್ಯಾರ್ಥಿ ‘ಮಾಡರೇಟ್ ಇಂಟೆನ್ಸಿಟಿ’ ಅಂತ ರೋಗಿಗೆ ಹೇಳುವುದಿಲ್ಲ. ‘ಮಾತಾಡಾಕ ಬರಬೇಕ್ರಿ, ಹಾಡು ಹೇಳಾಕ ಬರಬಾರ್ದು, ಅಷ್ಟು ಜೋರ ನಡೀರಿ’ ಅನ್ನುತ್ತಾನೆ.

ಹೆಜ್ಜೆ 2: ಅಂಕಿ ಕಡಿಮೆ ಇರಲಿ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಿಂದ ಇಷ್ಟು ಬಾಯಿಪಾಠ ಇದ್ದರೆ ಸಾಕು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರಿನದು. ಮಾಂಸಖಂಡಕ್ಕೆ ಬಲ ಕೊಡುವ ವ್ಯಾಯಾಮ ವಾರಕ್ಕೆ 2 ದಿನವಾದರೂ ಇರಬೇಕು. 65 ದಾಟಿದವರು ಬೀಳದಂತೆ ಸಮತೋಲನ ಕಾಯುವ ವ್ಯಾಯಾಮವನ್ನೂ ವಾರಕ್ಕೆ 3 ದಿನ ಮಾಡಬೇಕು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ.

ಹಿಂದೆ ‘ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆದರೆ ಮಾತ್ರ ಲೆಕ್ಕ’ ಅನ್ನುತ್ತಿದ್ದರು. 2020ರಲ್ಲಿ ಆ ಷರತ್ತು ಹೋಯಿತು. ಐದು ನಿಮಿಷದ್ದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಜನಕ್ಕೆ ಇದು ಬಹಳ ಅನುಕೂಲ. ಶುಗರ್ ಇದ್ದವರಿಗೆ ಇನ್ನೊಂದು ಮಾತು ಸೇರಿಸಿ: ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡಬಾರದು. ನಡೆದದ್ದರಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಪರಿಣಾಮ ಒಂದರಿಂದ ಮೂರು ದಿನದಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಭಾನುವಾರ ಒಂದೇ ದಿನ ಎರಡೂವರೆ ತಾಸು ನಡೆದು ‘ವಾರದ ಕೋಟಾ ಮುಗೀತು’ ಅಂದರೆ ಅವರಿಗೆ ಪೂರ್ತಿ ಲಾಭ ಇಲ್ಲ.

ಇನ್ನು ಈ 10,000 ಹೆಜ್ಜೆ. ವಿದ್ಯಾರ್ಥಿಗಳು ಇದನ್ನು ವೈದ್ಯಕೀಯ ನಿಯಮ ಅಂದುಕೊಂಡಿರುತ್ತಾರೆ. ಅದು ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರುವಾಗ. ಅಷ್ಟು ನಡೆದರೆ ಒಳ್ಳೆಯದೇ. ಆದರೆ 2,000 ಹೆಜ್ಜೆಯೂ ನಡೆಯದ ಅಜ್ಜನಿಗೆ ಆ ಅಂಕಿ ಹೇಳಿದರೆ ಅವನು ಅಂಗಡಿಯಿಂದ ಇಳಿಯುವಷ್ಟರಲ್ಲಿ ಮರೆತಿರುತ್ತಾನೆ.

ಹೆಜ್ಜೆ 3: ಎರಡು ಪ್ರಶ್ನೆ ಕೇಳುವುದು

‘ವಾರದಾಗ ಎಷ್ಟು ದಿನ ಉಸಿರು ಏರೂವಷ್ಟು ನಡೀತೀರಿ, ಇಲ್ಲಾ ಕೆಲಸ ಮಾಡ್ತೀರಿ? ಆ ದಿನಾ ಎಷ್ಟು ನಿಮಿಷ?’ ಎರಡನ್ನೂ ಗುಣಿಸಿ, 150ರ ಪಕ್ಕಕ್ಕೆ ಇಡಿ. ಅಳತೆ ಮುಗಿಯಿತು. ಒಂದು ನಿಮಿಷವೂ ಬೇಡ.

ತೊಡಕು ಬರುವುದು ಉತ್ತರದಲ್ಲಿ. ‘ದಿನಾ ಅಡ್ಡಾಡ್ತೇನ್ರಿ’ ಅಂದರೆ ಏನರ್ಥ? ದುರ್ಗದಬೈಲಿನ ಅಂಗಡಿಯಲ್ಲಿ ಹತ್ತು ತಾಸು ನಿಂತವರಿಗೆ ಕಾಲು ಸೋತಿರುತ್ತದೆ, ಆದರೆ ಉಸಿರು ಏರಿರುವುದಿಲ್ಲ. ಬೆಟಗೇರಿಯ ನೇಕಾರರಿಗೆ ಕೈಕಾಲಿಗೆ ಕೆಲಸ ಇದೆ, ಕೂತ ಜಾಗ ಮಾತ್ರ ಬದಲಾಗುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಕ್ಕಳು ಸಂಜೆವರೆಗೂ ದುಡಿಯುತ್ತಾರೆ, ಅದೂ ಕೂತೇ. ಹೊಲದಲ್ಲಿ ಕಳೆ ತೆಗೆದು ಬಂದ ರೈತನಿಗೆ ಮಾತ್ರ ‘ವಾಕಿಂಗ್ ಮಾಡ್ರಿ’ ಅಂದರೆ ಅವನು ನಿಮ್ಮನ್ನು ಮೇಲೆ ಕೆಳಗೆ ನೋಡುತ್ತಾನೆ. ಅವನಿಗೆ ಸುಗ್ಗಿ ಮುಗಿದ ಮೇಲಿನ ತಿಂಗಳುಗಳ ಬಗ್ಗೆ ಕೇಳಬೇಕು.

ಆಯಾಸ ಬೇರೆ, ಚಟುವಟಿಕೆ ಬೇರೆ. ಇದನ್ನು ರೋಗಿಗೆ ನೋವಾಗದಂತೆ ಹೇಳುವುದೇ ಕಷ್ಟ. ‘ನೀವು ಏನೂ ಕೆಲಸ ಮಾಡೂದಿಲ್ಲ’ ಅಂತ ಕೇಳಿಸಿತೋ, ಮಾತು ಅಲ್ಲಿಗೇ ಮುಗಿಯಿತು. ‘ಕೆಲಸ ಭಾಳ ಐತ್ರಿ, ಖರೇ. ಅದರಾಗ ಯಾವ ಕೆಲಸಕ್ಕ ತೇಕು ಹತ್ತತೈತಿ?’ ಅಂತ ಕೇಳುವುದನ್ನು ಅಭ್ಯಾಸ ಮಾಡಿಸಿ. ಉತ್ತರದಲ್ಲೇ ಲೆಕ್ಕ ಸಿಗುತ್ತದೆ.

ಹೆಜ್ಜೆ 4: ಯಾರನ್ನು ತಡೆಯಬೇಕು

ಈ ಲಕ್ಷಣಗಳನ್ನು ಪುಸ್ತಕದ ಭಾಷೆಯಲ್ಲಿ ಕಲಿಸಿದರೆ ಪ್ರಯೋಜನ ಇಲ್ಲ. ರೋಗಿ ಹೇಳುವ ಮಾತಿನಲ್ಲೇ ಬರೆಸಿ. ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿಗಳಿಗಂತೂ ಇದು ಬೇಕೇ ಬೇಕು.

- ‘ನಡದ್ರ ಎದಿ ಹಿಡದಂಗ ಆಕ್ಕೈತಿ, ನಿಂತ್ರ ಕಡಿಮಿ ಆಕ್ಕೈತಿ.’ ಹೃದಯದ್ದು ಇರಬಹುದು. ಅವತ್ತೇ ಡಾಕ್ಟರ ಹತ್ತಿರ.
- ‘ಸುಮ್ನ ಕುಂತ್ರೂ ತೇಕು’, ‘ರಾತ್ರಿ ಮಲಗಾಕ ಆಗೂದಿಲ್ಲ, ಎದ್ದು ಕುಂಡ್ರಬೇಕು.’
- ‘ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ದೆ.’
- ‘ನಾಕು ಹೆಜ್ಜಿ ನಡದ್ರ ಮೀನಖಂಡ ಹಿಡಿತೈತಿ, ನಿಂತ್ರ ಬಿಡತೈತಿ.’ ಕಾಲಿನ ರಕ್ತನಾಳ ಕಟ್ಟಿಕೊಂಡಿರಬಹುದು. ಮೊಣಕಾಲು ನೋವು ಅಂತ ತಿಳಿದು ಬಿಡಬೇಡಿ.
- ‘ಅಂಗಾಲು ಜೋಮು, ಚಪ್ಪಲಿ ಬಿಟ್ಟು ಹೋದ್ರೂ ಗೊತ್ತಾಗೂದಿಲ್ಲ.’ ನಡೆಯಬಹುದು. ಆದರೆ ಮೊದಲು ಪಾದದ ತಪಾಸಣೆ ಆಗಬೇಕು, ಸರಿಯಾದ ಪಾದರಕ್ಷೆ ಬೇಕು. ಗಾಯ ಇದ್ದರೆ ವಾಸಿಯಾಗುವ ತನಕ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ.

ಬಿಪಿ 180/110 ದಾಟಿದ್ದರೆ ಹೊಸದಾಗಿ ವ್ಯಾಯಾಮ ಶುರು ಮಾಡಿಸಬೇಡಿ, ಮೊದಲು ಡಾಕ್ಟರು ನೋಡಲಿ. ಶುಗರ್ 250 ದಾಟಿ ಜೊತೆಗೆ ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು ಇದ್ದರೆ ನಡಿಗೆಯ ಮಾತೇ ಬೇಡ, ಆಸ್ಪತ್ರೆಗೆ ಕಳಿಸಿ. ಶುಗರ್‌ನಿಂದ ಕಣ್ಣಿನ ನರ ಹಾಳಾಗಿದೆ ಅಂದವರಿಗೆ ಭಾರ ಎತ್ತುವುದು, ಉಸಿರು ಬಿಗಿಹಿಡಿದು ತಿಣುಕುವುದು ಬೇಡ. ಇವು ಯಾವುವೂ ಇಲ್ಲದವರು ನಿಧಾನವಾಗಿ ನಡೆಯಲು ಶುರು ಮಾಡಬಹುದು. ಹೆದರಿ ಎಲ್ಲರನ್ನೂ ಡಾಕ್ಟರ ಹತ್ತಿರ ಕಳಿಸುವ ವಿದ್ಯಾರ್ಥಿಯಿಂದಲೂ ಉಪಯೋಗ ಇಲ್ಲ.

ಹೆಜ್ಜೆ 5: ಚೀಟಿ ಓದುವ ಕ್ಲಾಸು

ಇಡೀ ತರಬೇತಿಯಲ್ಲಿ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಹೆಸರು, ಫೋನ್ ನಂಬರು ಎಲ್ಲಾ ಅಳಿಸಿದ ಹಳೆಯ ಚೀಟಿಗಳ ಒಂದು ಕಟ್ಟು ಮಾಡಿಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು. ಪ್ರತಿ ಔಷಧಿಯ ಮುಂದೆ ಕೆಂಪು ಪೆನ್ನಿನಲ್ಲಿ ಒಂದೇ ಸಾಲು ಬರೆಯಬೇಕು: ಈ ಮನುಷ್ಯ ನಡೆಯಲು ಹೊರಟರೆ ಈ ಔಷಧಿ ಏನು ಮಾಡುತ್ತದೆ?

ಒಂದು ಚೀಟಿ ಹಿಡಿದು ನೋಡೋಣ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರೂ ಸೇರಿದ ಶುಗರ್ ಗುಳಿಗೆ. ಬಿಪಿಗೆ ಅಟೆನೊಲಾಲ್. ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್. ನಮ್ಮ ಕಡೆ ಬಹಳ ಸಾಮಾನ್ಯವಾದ ಜೋಡಣೆ ಇದು.

ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಧಡಕ್ಕನೆ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್ ಹಾಗಲ್ಲ. ಊಟ ಇರಲಿ ಬಿಡಲಿ, ಅದು ಇನ್ಸುಲಿನ್ ಸುರಿಸುತ್ತದೆ. ಮುಂಜಾನೆ ಆರಕ್ಕೆ ಗುಳಿಗೆ ನುಂಗಿ, ಏಳೂವರೆ ತನಕ ನಡೆದು, ದಾರಿಯಲ್ಲಿ ಗೆಳೆಯರ ಜೊತೆ ಹರಟಿ, ಒಂಬತ್ತಕ್ಕೆ ನಾಷ್ಟಾ ಮಾಡುವವರು ಎಷ್ಟು ಮಂದಿ ಇಲ್ಲ! ಇಂಥವರಿಗೆ ನಡುವೆ ಬೆವರು, ನಡುಕ, ಕಣ್ಣು ಮಂಜು. ಅವರು ಅದನ್ನು ‘ವಾಕಿಂಗ್ ನನಗೆ ಆಗಿಬರೂದಿಲ್ಲ’ ಅಂತ ಅರ್ಥ ಮಾಡಿಕೊಂಡು ನಡೆಯುವುದನ್ನೇ ಬಿಡುತ್ತಾರೆ. ವಿದ್ಯಾರ್ಥಿ ಹೇಳಬೇಕಾದದ್ದು ಇಷ್ಟು: ಈ ಗುಳಿಗೆ ನಾಷ್ಟಾದ ಜೊತೆಗೆ ಅಥವಾ ಅದಕ್ಕಿಂತ ಸ್ವಲ್ಪ ಮೊದಲು. ಗುಳಿಗೆ ನುಂಗಿ ಹಸಿದ ಹೊಟ್ಟೆಯಲ್ಲಿ ನಡೆಯಬೇಡಿ. ಮನೆಯಲ್ಲಿ ಮಷೀನ್ ಇದ್ದರೆ ನೋಡಿಕೊಳ್ಳಿ, 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಜೊತೆಗೆ, ತೊಡೆಗೆ ಚುಚ್ಚಿಕೊಂಡು ಕೂಡಲೇ ನಡೆದರೆ ಇನ್ಸುಲಿನ್ ಬೇಗ ಹೀರಿಕೊಳ್ಳುತ್ತದೆ, ಆ ಹೊತ್ತಿಗೆ ಹೊಟ್ಟೆಯ ಭಾಗ ವಾಸಿ.

ಈಗ ವೊಗ್ಲಿಬೋಸ್. ಇಲ್ಲಿ ಫಾರ್ಮಸಿಸ್ಟ್ ಅಲ್ಲದೆ ಬೇರೆ ಯಾರೂ ಹೇಳದ ಒಂದು ಮಾತಿದೆ. ಶುಗರ್ ಇಳಿದರೆ ಬೆಲ್ಲ, ಸಕ್ಕರೆ, ಪೇಡೆ ಬಾಯಿಗೆ ಹಾಕಿಕೊಳ್ಳುವುದು ನಮ್ಮ ರೂಢಿ. ಆದರೆ ವೊಗ್ಲಿಬೋಸ್, ಅಕಾರ್ಬೋಸ್ ತೆಗೆದುಕೊಳ್ಳುವವರ ಕರುಳಿನಲ್ಲಿ ಸಕ್ಕರೆ ಬೇಗ ಒಡೆಯುವುದಿಲ್ಲ. ಆ ಗುಳಿಗೆಯ ಕೆಲಸವೇ ಅದು. ಇವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. 70ಕ್ಕಿಂತ ಇಳಿದರೆ 15 ಗ್ರಾಂ, ಅಂದಾಜು ಮೂರು ಟೀ ಚಮಚ. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ವೊಗ್ಲಿಬೋಸ್ ಇಲ್ಲದವರಿಗೆ ಸಕ್ಕರೆ ನಡೆಯುತ್ತದೆ. ಇದನ್ನು ವಿದ್ಯಾರ್ಥಿ ಚೀಟಿ ನೋಡಿ ಹೇಳಬೇಕು, ಎಲ್ಲರಿಗೂ ಒಂದೇ ಮಾತು ಹೇಳಬಾರದು.

ಅಟೆನೊಲಾಲ್, ಮೆಟೊಪ್ರೊಲಾಲ್ ನಾಡಿ ಬಡಿತ ಏರಲು ಬಿಡುವುದಿಲ್ಲ. ಮಗ ಕೊಡಿಸಿದ ಸ್ಮಾರ್ಟ್ ವಾಚ್ ಕಟ್ಟಿಕೊಂಡು ‘120 ಆಗಬೇಕು’ ಅಂತ ಹಟ ಹಿಡಿದು ಓಡುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಅವರು ವಾಚ್ ಬಿಟ್ಟು ಮಾತು-ಹಾಡಿನ ಪರೀಕ್ಷೆ ನಂಬಲಿ. ಇಲ್ಲವೇ ಸುಮ್ಮನೆ ಕೂತದ್ದು 0, ಇನ್ನು ಆಗುವುದೇ ಇಲ್ಲ ಅನ್ನುವುದು 10 ಅಂತ ಇಟ್ಟುಕೊಂಡರೆ 5-6ರ ಹತ್ತಿರ ಇರಲಿ. ಇನ್ನೊಂದು ಅಪಾಯ: ಶುಗರ್ ಇಳಿದಾಗ ಆಗುವ ಎದೆಬಡಿತ, ನಡುಕವನ್ನು ಈ ಗುಳಿಗೆ ಮುಚ್ಚಿಹಾಕಬಹುದು. ಬೆವರು ಮಾತ್ರ ಬರುತ್ತದೆ. ನಡೆದದ್ದಕ್ಕಿಂತ ಜಾಸ್ತಿ ಬೆವರಿದರೆ ಅನುಮಾನ ಪಡಿ ಅಂತ ಹೇಳಿಕೊಡಬೇಕು.

ಅಟೊರ್ವಾಸ್ಟಾಟಿನ್ ಬಗ್ಗೆ ಗೊಂದಲ ಜಾಸ್ತಿ. ಹೊಸದಾಗಿ ನಡೆಯಲು ಶುರು ಮಾಡಿದವರಿಗೆ ಮೈಕೈ ನೋವು ಸಹಜ, ಎರಡು ಮೂರು ದಿನಕ್ಕೆ ಕಡಿಮೆಯಾಗುತ್ತದೆ. ಎರಡೂ ತೊಡೆ, ಎರಡೂ ಭುಜ ನೋಯುತ್ತಲೇ ಇದ್ದರೆ, ಶಕ್ತಿ ಕುಂದಿದರೆ, ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಡಾಕ್ಟರ ಹತ್ತಿರ. ಗುಳಿಗೆಯನ್ನು ತಾವೇ ಬಿಡುವುದು ಬೇಡ.

ಉಳಿದ ಔಷಧಿಗಳನ್ನು ಬೇಗ ಮುಗಿಸಬಹುದು. ನೀರಿಳಿಸುವ ಗುಳಿಗೆ ಇದ್ದವರು ಏಪ್ರಿಲ್-ಮೇ ಬಿಸಿಲಿನಲ್ಲಿ ನಡೆಯಬಾರದು, ನೀರು ಕುಡಿಯಬೇಕು. ಹೃದಯ ದುರ್ಬಲ ಅಂತ ನೀರು ಕಡಿಮೆ ಮಾಡಿಸಿದ್ದರೆ ಎಷ್ಟು ಅನ್ನುವುದನ್ನು ಡಾಕ್ಟರನ್ನೇ ಕೇಳಲಿ. ಪ್ರಾಜೋಸಿನ್ (ಬಿಪಿಗೆ), ಟ್ಯಾಮ್ಸುಲೋಸಿನ್ (ಪ್ರಾಸ್ಟೇಟ್ ತೊಂದರೆಗೆ) ತೆಗೆದುಕೊಳ್ಳುವವರಿಗೆ ಎದ್ದಾಗ ಬಿಪಿ ಇಳಿಯಬಹುದು, ತಟ್ಟನೆ ಎದ್ದು ಹೊರಡಬಾರದು. ನಡೆದರೆ ದಮ್ಮು ಕಟ್ಟುವ ಅಸ್ತಮಾದವರಿಗೆ ಡಾಕ್ಟರು ಸಾಲ್ಬುಟಮಾಲ್ ಪಂಪ್ ಬರೆದಿದ್ದರೆ ಹೊರಡುವ 10-15 ನಿಮಿಷ ಮೊದಲು ಎಳೆದುಕೊಳ್ಳುವುದು ಹೇಗೆ ಅಂತ ಕೌಂಟರಿನಲ್ಲೇ ತೋರಿಸಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವಾಗ ಹಿಮ್ಮಡಿ ಮೇಲಿನ ಸ್ನಾಯುರಜ್ಜು (ಟೆಂಡನ್) ನೋಯತೊಡಗಿದರೆ ನಡಿಗೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. 60 ದಾಟಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅದು ಹರಿಯುವ ಅಪಾಯ ಜಾಸ್ತಿ. ನೋವಿನ ಗುಳಿಗೆ ಡೈಕ್ಲೋಫೆನಾಕ್ ನುಂಗಿಯೇ ವಾಕಿಂಗಿಗೆ ಹೊರಡುವ ಮಂದಿ ಇದ್ದಾರೆ. ಬಿಪಿ ಏರುತ್ತದೆ, ಕಿಡ್ನಿಗೆ ಪೆಟ್ಟು. ದಿನಾ ಅದನ್ನು ಕೇಳಿಕೊಂಡು ಬರುವವರ ಜೊತೆ ಕೂತು ಮಾತಾಡಬೇಕು.

ಚೀಟಿ ಬರೀ ತೊಂದರೆ ತೋರಿಸುವುದಿಲ್ಲ, ದಾರಿಯನ್ನೂ ತೋರಿಸುತ್ತದೆ. ಥೈರಾಯ್ಡ್ ಗುಳಿಗೆಯನ್ನೇ ನೋಡಿ. ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧದಿಂದ ಒಂದು ತಾಸು ಚಹಾ, ನಾಷ್ಟಾ ಏನೂ ಇಲ್ಲ. ‘ಆ ಅರ್ಧ ತಾಸು ಏನ್ ಮಾಡ್ತೀರಿ?’ ಅಂತ ಕೇಳಿ. ಶುಗರ್ ಗುಳಿಗೆ ಇಲ್ಲದವರಾದರೆ ಆ ಹೊತ್ತೇ ನಡಿಗೆಯ ಹೊತ್ತು. ಬೇರೆ ಟೈಮ್ ಹುಡುಕಬೇಕಾಗಿಲ್ಲ.

ಉಪವಾಸದ ದಿನಗಳನ್ನೂ ಇದೇ ಕ್ಲಾಸಿನಲ್ಲಿ ಎತ್ತಿ. ಶ್ರಾವಣ ಸೋಮವಾರ, ಏಕಾದಶಿ, ರಮ್ಜಾನ್. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇರುವವರು ಉಪವಾಸಕ್ಕೆ ಮೊದಲೇ ಡಾಕ್ಟರ ಜೊತೆ ಡೋಸ್ ಬಗ್ಗೆ ಮಾತಾಡಬೇಕು, ಆ ದಿನ ದೂರದ ನಡಿಗೆ ಇಟ್ಟುಕೊಳ್ಳಬಾರದು.

ಹೆಜ್ಜೆ 6: ಮಾತಿನ ತಾಲೀಮು

ಮೂವರ ಗುಂಪು ಮಾಡಿ. ಒಬ್ಬರು ರೋಗಿ, ಒಬ್ಬರು ಫಾರ್ಮಸಿಸ್ಟ್, ಇನ್ನೊಬ್ಬರು ಸುಮ್ಮನೆ ಕೂತು ಬರೆದುಕೊಳ್ಳುವವರು. ರೋಗಿಯಾಗುವವರಿಗೆ ಒಂದು ಚೀಟಿ ಕೊಡಿ, ಅದರಲ್ಲಿ ‘ಕೇಳಿದರೆ ಮಾತ್ರ ಹೇಳು’ ಅನ್ನುವ ಒಂದು ಗುಟ್ಟು ಇರಲಿ. ಕೌಂಟರಿನಲ್ಲಿ ಸಿಗುವುದು ಮೂರು ನಿಮಿಷ, ತಾಲೀಮೂ ಅಷ್ಟೇ. ಮಾತು ಹೋಗುವ ದಾರಿ ಇದು: ಕೇಳು, ಅಳೆ, ಹೇಳು, ಕೈಹಿಡಿ, ಮತ್ತೆ ವಿಚಾರಿಸು. ಎಲ್ಲಾ ಹುಡುಗರೂ ‘ಹೇಳು’ಗೆ ಹಾರುತ್ತಾರೆ. ಮೊದಲ ಒಂದು ನಿಮಿಷ ಸಲಹೆ ಕೊಡುವುದೇ ನಿಷೇಧ ಅಂತ ನಿಯಮ ಮಾಡಿ. ಚಡಪಡಿಸುತ್ತಾರೆ, ಚಡಪಡಿಸಲಿ.

ಮೇಲಿನ ಚೀಟಿಯವರೇ ಬಂದರು ಅಂದುಕೊಳ್ಳಿ. 58 ವರ್ಷ, ಹಳೇ ಹುಬ್ಬಳ್ಳಿ.

‘ಅಕ್ಕಾರ, ಗುಳಿಗಿ ಕಟ್ಟೂತನಾ ಒಂದೆರಡು ಮಾತು ಕೇಳ್ಲೇನ್ರಿ?’

‘ಕೇಳ್ ತಮ್ಮಾ.’

‘ವಾರದಾಗ ಎಷ್ಟು ದಿನ ಉಸಿರು ಏರೂ ಹಂಗ ನಡೀತೀರಿ?’

‘ಎಲ್ಲಿ ನಡಿಯೂದಪ್ಪಾ! ಮುಂಜಾನಿಂದ ಮನಿ ಕೆಲಸಾನ ಹರಿಯೂದಿಲ್ಲ. ಮಣಕಾಲ ಬ್ಯಾರೆ ಹಿಡ್ಕೊಂಡಾವು.’

‘ಮನಿ ಕೆಲಸ ಏನ್ ಕಡಿಮಿ ಅಲ್ಲ ಬಿಡ್ರಿ. ಅದರಾಗ ಯಾವ ಕೆಲಸಕ್ಕ ತೇಕು ಹತ್ತತೈತಿ?’

‘ನೀರು ಬಂದ ದಿನಾ ನೋಡು. ಕೊಡಾ ತುಂಬಿ ಮ್ಯಾಲಿನ ಮನಿಗೆ ಹತ್ತಬೇಕು.’

‘ಆವಾಗ ಎದಿ ಹಿಡದಂಗ, ಕಣ್ಣಿಗೆ ಕತ್ತಲಿ ಬಂದಂಗ ಏನರ?’

‘ಇಲ್ಲಪ್ಪಾ, ಹಂಗೇನಿಲ್ಲ. ಒಂದೀಟು ಕುಂತ್ರ ಆರಾಮ.’

‘ರಾತ್ರಿ ಊಟಾ ಆದಮ್ಯಾಲ ಏನ್ ಮಾಡ್ತೀರಿ?’

‘ಟಿವಿ ಮುಂದ ಕುಂಡ್ರೂದು.’

‘ಟಿವಿಗಿಂತ ಮೊದಲ ಓಣ್ಯಾಗ ಹತ್ತು ನಿಮಿಷ ಅಡ್ಡಾಡಾಕ ಆಗತೈತೇನ್ರಿ? ಉಂಡಮ್ಯಾಲ ನಡದ್ರ ಶುಗರ್ ಜಾಸ್ತಿ ಏರೂದಿಲ್ಲ.’

‘ಹತ್ತು ನಿಮಿಷ ಅಂದ್ರ ಆಗತೈತಿ. ಬಾಜೂ ಮನ್ಯಾಕಿನೂ ಬರ್ತಾಳ. ನಾಯಿ ಕಾಟ ಒಂದು.’

ಇಲ್ಲಿ ನಿಲ್ಲಿಸಿ ಕ್ಲಾಸಿಗೆ ಕೇಳಿ: ಇಲ್ಲಿವರೆಗೆ 150 ನಿಮಿಷ ಅನ್ನುವ ಮಾತು ಬಂತೇ? ಬಂದಿಲ್ಲ, ಬರಬೇಕಾಗಿಯೂ ಇರಲಿಲ್ಲ. ನೀರು ಬಂದ ದಿನದ ಮಾತಿನಿಂದ ಹೃದಯದ ಲಕ್ಷಣ ವಿಚಾರಿಸಿದ್ದನ್ನೂ ತೋರಿಸಿ. ‘ಜೊತೆಗೆ ಯಾರಿದ್ದಾರೆ’ ಅನ್ನುವುದನ್ನು ಅಕ್ಕನೇ ಹೇಳಿದಳು, ವಿದ್ಯಾರ್ಥಿ ಬಾಯಿ ಮುಚ್ಚಿದ್ದಕ್ಕೆ ಅದು ಹೊರಗೆ ಬಂತು.

ಮುಂದಿನ ಪ್ರಶ್ನೆ: ‘ಇದನ್ನ ಮಾಡೇ ಮಾಡ್ತೀನಿ ಅನ್ನೂದಕ್ಕ ಹತ್ತರಾಗ ಎಷ್ಟು ಮಾರ್ಕು ಕೊಡ್ತೀರಿ?’ 7ಕ್ಕಿಂತ ಕಡಿಮೆ ಬಂದರೆ ರೋಗಿಯನ್ನು ಒತ್ತಾಯಿಸುವುದಲ್ಲ, ಪ್ಲ್ಯಾನ್ ಸಣ್ಣದು ಮಾಡುವುದು. ಹತ್ತು ನಿಮಿಷ ಐದಾಗಲಿ, ಓಣಿ ಬಿಟ್ಟು ಮಾಳಿಗೆ ಆಗಲಿ. ಮೊಣಕಾಲಿಗೆ ಕುರ್ಚಿ ಮೇಲೆ ಕೂತು ಕಾಲು ನೇರ ಚಾಚಿ ಐದು ಎಣಿಸಿ ಇಳಿಸುವುದು, ಒಂದೊಂದು ಕಾಲಿಗೆ ಹತ್ತು ಸಲ. ತೊಡೆಗೆ ಬಲ ಬಂದರೆ ಮೊಣಕಾಲಿನ ಭಾರ ಇಳಿಯುತ್ತದೆ. ಕೊನೆಗೆ ಗ್ಲೂಕೋಸ್ ಪುಡಿಯ ಮಾತು, ಆಮೇಲೆ ‘ಮನ್ಯಾಗ ಅವ್ರಿಗೆ ಏನಂತ ಹೇಳ್ತೀರಿ, ಒಂದ್ಸಲ ನನಗ ಹೇಳ್ರಿ.’ ಅಕ್ಕ ತನ್ನ ಮಾತಿನಲ್ಲಿ ತಿರುಗಿ ಹೇಳಿದರೆ ಮಾತ್ರ ತಿಳಿಯಿತು ಅಂತ ಲೆಕ್ಕ. ‘ತಿಳೀತೇನ್ರಿ?’ ಅಂದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ.

ಹೆಜ್ಜೆ 7: ಬರೆದು ಕೊಡುವುದು

ಗುಳಿಗೆ ಹಾಕುವ ಕಾಗದದ ಕವರಿನ ಹಿಂದೆಯೇ ಬರೆಯಲಿ. ಏನು, ಎಷ್ಟು ಹೊತ್ತು, ಎಷ್ಟು ಜೋರು, ವಾರಕ್ಕೆ ಎಷ್ಟು ದಿನ. ‘ರಾತ್ರಿ ಊಟದ ನಂತರ ನಡಿಗೆ, 10 ನಿಮಿಷ, ಮಾತಾಡುವಷ್ಟು ಜೋರು, ವಾರಕ್ಕೆ 5 ದಿನ.’ ಮಳೆಗಾಲಕ್ಕೆ ಬೇರೆ ಸಾಲು ಬೇಕು. ಜೂನ್‌ನಿಂದ ಧಾರವಾಡದಲ್ಲಿ ಜಿಟಿಜಿಟಿ ಹಿಡಿದರೆ ಕೆರೆ ದಂಡೆ ಮರೆತುಬಿಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮನೆಯೊಳಗೇ ಅಡ್ಡಾಡುವುದು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಓಡಾಡುವ ಆಫೀಸಿನವರಿಗೆ ಒಂದು ಸ್ಟಾಪ್ ಮೊದಲೇ ಇಳಿಯುವ ಉಪಾಯ ಹೇಳಬಹುದು. ಕೂತು ಕೆಲಸ ಮಾಡುವವರು ಅರ್ಧ ತಾಸಿಗೊಮ್ಮೆ ಎದ್ದರೂ ಶುಗರಿಗೆ ಒಳ್ಳೆಯದು.

ಹೆಜ್ಜೆ 8: ನಿಜವಾದ ಕೌಂಟರು

ಅಂಗಡಿ ಮಾಲೀಕರ ಜೊತೆ ಮೊದಲೇ ಮಾತಾಡಿ. ಸಂಜೆ ಏಳರಿಂದ ಒಂಬತ್ತರ ಗದ್ದಲದಲ್ಲಿ ಇದು ಆಗುವ ಕೆಲಸವಲ್ಲ, ಮಧ್ಯಾಹ್ನ ಹನ್ನೆರಡರ ಮೇಲೆ ಸರಿ. ಕೌಂಟರಿನ ಒಂದು ಮೂಲೆ, ಸಾಧ್ಯವಾದರೆ ಒಂದು ಕುರ್ಚಿ. ಹಿಂದೆ ನಾಲ್ಕು ಜನ ನಿಂತಿರುವಾಗ ‘ನಿಮಗ ಶುಗರ್ ಐತೇನ್ರಿ’ ಅಂತ ಕೂಗಬಾರದು. ಇದನ್ನು ಹೇಳಬೇಕಾ ಅನ್ನಿಸಬಹುದು. ಹೇಳಬೇಕು.

ಒಂದು ದಿನಕ್ಕೆ ಇಬ್ಬರು ಮೂವರು ರೋಗಿಗಳು ಸಾಕು, ಒಪ್ಪಿದವರು ಮಾತ್ರ. ರಿಜಿಸ್ಟರಿನಲ್ಲಿ ಹೆಸರು ಬೇಡ, ಒಂದು ನಂಬರು, ವಾರದ ನಿಮಿಷ, ಒಪ್ಪಿದ ಪ್ಲ್ಯಾನ್, ಮುಂದಿನ ಗುಳಿಗೆಯ ತಾರೀಖು. ಕೊನೆಯದ್ದೇ ಮುಖ್ಯ. ಮುಂದಿನ ತಿಂಗಳು ಅವರು ಬಂದಾಗ ಅದೇ ವಿದ್ಯಾರ್ಥಿ ‘ಓಣ್ಯಾಗ ಅಡ್ಡಾಡೂದು ಹೆಂಗ ನಡದೈತ್ರಿ, ನಾಯಿ ಏನಂದ್ವು?’ ಅಂತ ಕೇಳಬೇಕು. ಅವನ ಪೋಸ್ಟಿಂಗ್ ಅಷ್ಟರಲ್ಲಿ ಮುಗಿದಿರುತ್ತದೆ ಅಂದರೆ ಪೋಸ್ಟಿಂಗ್ ಹಂಚುವಾಗಲೇ ಇದನ್ನು ನೋಡಿಕೊಳ್ಳಿ.

ಹೆಜ್ಜೆ 9: ಪರೀಕ್ಷೆ

ಬರೆಯುವ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ತಂದ ಆಸ್ಕಿ (OSCE) ಪದ್ಧತಿ ಇದಕ್ಕೆ ಸರಿ. ಅಂದರೆ ‘ಸ್ಟೇಷನ್’ ಅನ್ನುವ ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ ಮಾಡಿಸಿ ನೋಡುವ ಪರೀಕ್ಷೆ. ಒಂದು ಸ್ಟೇಷನ್, 7 ನಿಮಿಷ, ಎದುರಿಗೆ ರೋಗಿಯ ಪಾತ್ರ ಮಾಡುವವರು. ಪಾತ್ರಕ್ಕೆ ಧಾರವಾಡದಲ್ಲಿ ಬರವೇ? ಹವ್ಯಾಸಿ ನಾಟಕದವರನ್ನು ಕರೆಯಿರಿ, ರಿಟೈರಾದ ಮೇಷ್ಟ್ರುಗಳನ್ನು ಕರೆಯಿರಿ. ಹೇಳಿದ್ದಕ್ಕೆಲ್ಲ ‘ಆತು’ ಅನ್ನಬಾರದು, ಸ್ವಲ್ಪ ಜಗ್ಗಬೇಕು ಅಂತ ಅವರಿಗೆ ಹೇಳಿಡಿ.

20 ಮಾರ್ಕಿನ ಹಂಚಿಕೆ ಹೀಗಿರಲಿ: ಅನುಮತಿ ಕೇಳಿ ಮಾತು ಶುರು ಮಾಡಿದ್ದಕ್ಕೆ 2, ಎರಡು ಪ್ರಶ್ನೆಗೆ 3, ಅಪಾಯದ ಲಕ್ಷಣ ವಿಚಾರಿಸಿದ್ದಕ್ಕೆ 4, ಔಷಧಿ ಮತ್ತು ನಡಿಗೆಯ ಸಂಬಂಧ ಹೇಳಿದ್ದಕ್ಕೆ 5, ಇಬ್ಬರೂ ಸೇರಿ ಮಾಡಿದ ಪ್ಲ್ಯಾನಿಗೆ 3, ತಿರುಗಿ ಹೇಳಿಸಿದ್ದಕ್ಕೆ 2, ಮುಂದಿನ ಭೇಟಿಗೆ 1. ಇಂಗ್ಲಿಷ್ ಶಬ್ದ ಬಳಸಿದ್ದಕ್ಕೆ ಮಾರ್ಕು ಕಡಿಯಬೇಡಿ, ರೋಗಿಗೆ ಅರ್ಥವಾಗಿದ್ದರೆ ಸಾಕು. ‘ಶುಗರ್’, ‘ಬಿಪಿ’ ಈಗ ಎಲ್ಲರ ಬಾಯಲ್ಲೂ ಇವೆ. ಪಾತ್ರ ಮಾಡಿದವರ ಅಭಿಪ್ರಾಯವನ್ನೂ ಬರೆಸಿಕೊಳ್ಳಿ: ‘ಈ ಹುಡುಗಿ ಹತ್ರ ಮತ್ತ ಬರ್ತೀರೇನು?’ ಪರೀಕ್ಷಕರ ಕಣ್ಣಿಗೆ ಬೀಳದ್ದು ಅಲ್ಲಿ ಸಿಗುತ್ತದೆ.

ಆರು ತಿಂಗಳ ನಂತರ ಮುನ್ಸೂಚನೆ ಇಲ್ಲದೆ ಅದೇ ಸ್ಟೇಷನ್ ಮತ್ತೆ ಇಡಿ, ಚೀಟಿ ಮಾತ್ರ ಬದಲಿಸಿ. ವೊಗ್ಲಿಬೋಸ್ ಜಾಗದಲ್ಲಿ, ಶುಗರನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್ ಹಾಕಿ, ನೀರು ಮತ್ತು ಉಪವಾಸದ ಮಾತು ಅವರಾಗಿಯೇ ಎತ್ತುತ್ತಾರೋ ನೋಡಿ. ಎತ್ತದಿದ್ದವರನ್ನು ಐದನೇ ಹೆಜ್ಜೆಗೆ, ಕೆಂಪು ಪೆನ್ನಿಗೆ ವಾಪಸ್ ಕಳಿಸಿ.